ಕುರಿಗಿಲ್ಲದ ಎಲುಬು

ಚೀಲದ ಬಣ್ಣದಿಂದ ಶುರು ಮಾಡೋಣವೆಂದರೆ ಅದೇ ನೆನಪಿಲ್ಲ. ಒಂದು ಸಲ ಖಾಕಿ ಅನ್ನಿಸುತ್ತದೆ, ಇನ್ನೊಂದು ಸಲ ಅಪ್ಪನ ಮಂಡಿಯ ಗೋಣಿಚೀಲವೇ ಅನ್ನಿಸುತ್ತದೆ. ಒಳಗಿದ್ದದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. ಮನುಷ್ಯನ ಅರ್ಧ ಅಸ್ಥಿಪಂಜರ. ಒಂದು ತಲೆಬುರುಡೆ, ಬೆನ್ನುಮೂಳೆ, ಒಂದು ಪಕ್ಕದ ಪಕ್ಕೆಲುಬು, ಒಂದು ಕೈ, ಒಂದು ಕಾಲು, ಸೊಂಟದ ಒಂದು ಭಾಗ. ಇದಕ್ಕೆ ನಾವು ಹಾಫ್ ಸೆಟ್ ಎನ್ನುತ್ತಿದ್ದೆವು. ದೇವರು ಎಡವನ್ನೂ ಬಲವನ್ನೂ ಒಂದೇ ಅಚ್ಚಿನಲ್ಲಿ ಮಾಡಿರುವುದರಿಂದ ಅರ್ಧ ಓದಿದರೆ ಸಾಕು, ಉಳಿದರ್ಧ ತಾನಾಗಿ ಬರುತ್ತದೆ ಎಂಬುದು ವೈದ್ಯ ವಿದ್ಯಾರ್ಥಿಗಳ ಲೆಕ್ಕ. ನನಗೆ ಮೊದಲಿನ ಅರ್ಧವೂ ಬಂದಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಮೈಸೂರಿನಲ್ಲಿ ಮೊದಲ ವರ್ಷ ಮುಗಿಸಿ, ಅಂಗರಚನೆಯ ಪರೀಕ್ಷೆಯಲ್ಲಿ ನಪಾಸಾಗಿ, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಧುಗಿರಿಗೆ ಬಂದೆ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಕೊರಟಗೆರೆ ದಾಟಿದ ಮೇಲೆ ಏರು ಬಂದಾಗಲೆಲ್ಲ ನಿಲ್ಲುತ್ತಿತ್ತು. ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಚೀಲ ಸೀಟಿನ ಮೇಲೆ ಆರಾಮವಾಗಿ ಕೂತಿರುತ್ತಿತ್ತು. ಪಕ್ಕದ ಮುದುಕರೊಬ್ಬರು ಅದಕ್ಕೆ ಒರಗಿಕೊಂಡು ನಿದ್ದೆ ಮಾಡಿದರು. ಎಬ್ಬಿಸಿ ಹೇಳುವ ಮನಸ್ಸಾಗಲಿಲ್ಲ.

ಆ ಸೆಟ್ಟು ನನ್ನೊಬ್ಬನದಲ್ಲ. ಶಿರಾದ ನನ್ನ ಗೆಳೆಯನೂ ನಾನೂ ಸೇರಿ ಪಾಸಾಗಿ ಹೋಗುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬನಿಂದ ಕೊಂಡಿದ್ದೆವು. ಒಟ್ಟಿಗೆ ಕೊಂಡು ಒಟ್ಟಿಗೆ ನಪಾಸಾಗಿದ್ದೆವು. ರಜೆಯ ಕೊನೆಯ ಹೊತ್ತಿಗೆ ಮರುಪರೀಕ್ಷೆ. ರಜೆಯ ಮೊದಲ ಭಾಗ ಸೆಟ್ಟು ನನ್ನ ಹತ್ತಿರ, ಉಳಿದ ಭಾಗ ಅವನ ಹತ್ತಿರ ಎಂದು ಒಪ್ಪಂದವಾಗಿತ್ತು.

ಅಪ್ಪನದು ಹುಣಸೆಹಣ್ಣಿನ ಮಂಡಿ. ಊರಿಗೆ ಬಂದ ದಿನವೇ ತಕ್ಕಡಿಯ ಹಗ್ಗ ಸರಿಮಾಡುತ್ತ ಹೇಳಿದರು:

"ಇನ್ನೊಂದ್ ಸಲ ಬರಿ. ಆದ್ರೆ ಸರಿ. ಆಗ್ಲಿಲ್ವಾ, ಇಲ್ಲಿ ಬಂದು ಕೂತ್ಕೊ. ಇದೂ ಮಂಡೀನೇ, ಅದೂ ಮಂಡೀನೇ. ನೀನು ಅಲ್ಲಿ ಕಾಲಿನ ಮಂಡಿ ನೋಡ್ತೀಯ, ನಾನಿಲ್ಲಿ ಹಣ್ಣಿನ ಮಂಡಿ ನೋಡ್ತೀನಿ. ಏನ್ ವ್ಯತ್ಯಾಸ?"

ಬೆದರಿಕೆಯೆಂದರೆ ಹೀಗಿರಬೇಕು. ನಗುತ್ತ ಹೇಳಿದರೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಮಂಡಿಯಲ್ಲಿದ್ದ ಹಣ್ಣಿನ ರಾಶಿಯ ಹುಳಿ ವಾಸನೆ ಮೂಗಿಗೆ ಹೊಡೆದಾಗ ನನ್ನ ಮುಂದಿನ ಐವತ್ತು ವರ್ಷಗಳು ಅಲ್ಲಿ ಹರಡಿಕೊಂಡು ಕೂತಿರುವ ಹಾಗೆ ಕಂಡವು. ಹುಣಸೆಹಣ್ಣಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಪಾಸಾಗಲೇಬೇಕು ಎಂದು ನಿಜವಾಗಿ ಅನ್ನಿಸಿದ್ದು ಪರೀಕ್ಷೆಯ ಕೋಣೆಯಲ್ಲಲ್ಲ, ಆ ರಾಶಿಯ ಎದುರಿಗೆ.

ಸೆಟ್ಟನ್ನು ಅಟ್ಟದ ಮೇಲೆ ಹಿತ್ತಾಳೆ ಕೊಳಗಗಳ ಹಿಂದೆ ಬಚ್ಚಿಟ್ಟೆ. ಅಜ್ಜಿ ಸೀಗೆಕಾಯಿ ಹುಡುಕಿಕೊಂಡು ಅಟ್ಟ ಹತ್ತಿದಳು.

ಅಜ್ಜಿ ಕಿಟಾರನೆ ಕಿರುಚಿದಳೆಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ನಾನು ನಂಬುವುದಿಲ್ಲ. ಅಜ್ಜಿ ಕಿರುಚುವ ಪೈಕಿಯಲ್ಲ. ನನ್ನ ಕಿವಿಯಲ್ಲಿರುವುದು ಅಟ್ಟದಿಂದ ಬಂದ ತಣ್ಣನೆಯ ದನಿ:

"ಲೇ, ಇಲ್ ಬಾ. ಯಾರ್ಲಾ ಇದು?"

"ಓದಕ್ಕೆ ತಂದಿರೋದು ಅಜ್ಜಿ."

"ಯಾತಕ್ ತಂದೆ ಅಂತ ಕೇಳ್ಲಿಲ್ಲ. ಯಾರು ಅಂದೆ."

"ಗೊತ್ತಿಲ್ಲ."

"ಗೊತ್ತಿಲ್ದಿರೋರ್ನ ಮನೆಗೆ ಕರ್ಕಂಬಂದು ಅಟ್ಟದ ಮ್ಯಾಲೆ ಕೂರ್ಸಿದ್ದೀಯ. ಊಟ ಹಾಕ್ದಾ?"

ಅಪ್ಪ ಮಂಡಿಯಿಂದ ಬಂದವರು ನನ್ನ ಪರವಾಗಿ ನಿಂತರು. "ಅವ್ವಾ, ಅದು ಅವನಿಗೆ ಪುಸ್ತಕ ಇದ್ದಂಗೆ."

"ಪುಸ್ತಕಕ್ಕೆ ಹಲ್ಲಿರ್ತಾವೇನ್ಲಾ?" ಎಂದಳು ಅಜ್ಜಿ. ಅಪ್ಪ ಕಾಲು ತೊಳೆಯಲು ಹಿತ್ತಲಿಗೆ ನಡೆದರು. ಅಜ್ಜಿ ಚೀಲದ ಸಮೇತ ಏಣಿಯಿಳಿದು ಮತ್ತೆ ನನ್ನ ಕಡೆ ತಿರುಗಿದಳು. "ಹೆಸ್ರು ಬ್ಯಾಡ. ಗಂಡ್ಸೋ ಹೆಂಗ್ಸೋ, ಅದಾದ್ರೂ ಗೊತ್ತೈತಾ? ಇಲ್ಲಾಂದ್ರೆ ವರ್ಷವೆಲ್ಲಾ ಅಲ್ಲಿ ಏನ್ ಓದ್ದೆ?"

ಈ ಮಾತು ನನಗೆ ಚುಚ್ಚಿತು. ಪರೀಕ್ಷಕರ ಎದುರು ಒಣಗಿದ್ದ ಬಾಯಿ ಅಟ್ಟದ ಏಣಿಯ ಬುಡದಲ್ಲಿ ಜೋರಾಯಿತು. ಸೊಂಟದ ಎಲುಬನ್ನು ಈಚೆ ತೆಗೆದೆ. ಅದರ ಹಿಂಭಾಗದಲ್ಲೊಂದು ಕಚ್ಚು ಇರುತ್ತದೆ. ಕಚ್ಚು ಇಕ್ಕಟ್ಟಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಅದರೊಳಗೆ ಹೆಬ್ಬೆರಳಿಟ್ಟು ಆ ಕಡೆ ಈ ಕಡೆ ಆಡಿಸಿ ತೋರಿಸಿ, ಮೈಸೂರಿನ ಗತ್ತಿನಲ್ಲಿ ತೀರ್ಪು ಕೊಟ್ಟೆ. "ಹೆಂಗಸು. ಅನುಮಾನವೇ ಇಲ್ಲ."

ಗಂಡಸು ಎಂದಿದ್ದರೆ ಚೀಲ ದನದ ಕೊಟ್ಟಿಗೆಗೆ ಹೋಗುತ್ತಿತ್ತು, ನಾನೂ ಅಲ್ಲೇ ಕೂತು ಓದುತ್ತಿದ್ದೆ, ಕಥೆ ಮುಗಿಯುತ್ತಿತ್ತು. ಹೆಂಗಸು ಎಂದ ಕೂಡಲೆ ಅಜ್ಜಿಯ ಮುಖ ಬದಲಾಯಿತು.

"ಹೆಣ್ಮಗಳಾ? ಅಯ್ಯೋ ಶಿವನೇ. ಯಾರ್ ಹೆತ್ತ ಮಗ್ಳೋ. ತೌರು ಎಲ್ಲೋ ಏನೋ, ಚೀಲದಾಗೆ ಬಂದವಳಲ್ಲೋ ನಮ್ಮನೆಗೆ." ಒಳಗೆ ಹೋಗಿ ಅರಿಶಿನದ ಬಟ್ಟಲು ತಂದಳು. "ಮಕ್ಳಾಗಿದ್ವಾ?"

"ಅದು ಹೇಳೋಕ್ ಬರಲ್ಲ ಅಜ್ಜಿ."

"ಕೊಳ್ಳಾಗೆ ಲಿಂಗ ಇತ್ತಾ?"

"ಅಜ್ಜಿ, ಎಲುಬಿನಲ್ಲಿ ಅದು ಹೆಂಗೆ ಗೊತ್ತಾಗತ್ತೆ?"

"ಗೊತ್ತಾಗ್ದಿದ್ರೆ ಇತ್ತು ಅಂತ್ಲೇ ತಿಳ್ಕಂಬೇಕು" ಎಂದಳು. ಅಲ್ಲಿಗೆ ಮುಗಿಯಿತು. ನಮ್ಮ ಮನೆತನದ ಪುರೋಹಿತರಾದ ಅಯ್ನೋರಿಗೆ ಹೇಳಿಕಳಿಸಿದಳು.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಯ್ನೋರು ನಮ್ಮ ಹೊಲದ ಬದುವಿನಲ್ಲಿ, ಮನೆಯ ಹಿರಿಯರೆಲ್ಲ ಇರುವ ಹೊಂಗೆ ಮರದ ಕೆಳಗೆ, ಗುಣಿಯ ಮುಂದೆ ನಿಂತು ಬಹಳ ಹೊತ್ತು ಚೀಲದೊಳಗೆ ನೋಡಿದರು.

"ಒಂದೇ ಕಾಲೈತಲ್ಲ ತಾಯಿ. ಕೂರ್ಸೋದು ಹೆಂಗೆ?"

"ಇರೋ ಕಾಲ್ನೇ ಮಡ್ಚಿ ಬುದ್ಧಿ."

"ಮೈಯಲ್ಲಿ ಅರ್ಧ ಇಲ್ಲ."

"ಉಳ್ದರ್ಧ ಎಲ್ಲೋ ಯಾರೋ ಕೂರ್ಸಿರ್ತಾರೆ. ನಮ್ ಪಾಲಿಗೆ ಬಂದಿದ್ದು ನಾವು ಮಾಡಾನ."

ವಿಭೂತಿ ಇಟ್ಟರು. ಬಿಲ್ವಪತ್ರೆ ಹಾಕಿದರು. ಅಜ್ಜಿ ಪೆಟ್ಟಿಗೆಯಿಂದ ಒಂದು ರವಿಕೆ ಕಣ ತಂದು ಹೊದಿಸಿದಳು. ಕಣ ಹಸಿರು. ಇದು ಮಾತ್ರ ಚೆನ್ನಾಗಿ ನೆನಪಿದೆ, ಅಥವಾ ಇಂಥ ಕಡೆ ಹಸಿರೇ ಇರಬೇಕೆಂದು ನಾನು ಬಳಿದುಕೊಂಡಿರಬಹುದು. ನಾನು ಒಂದು ಪಕ್ಕದಲ್ಲಿ ನಿಂತು ನನ್ನ ಪಾಸು ಮಣ್ಣಿನೊಳಗೆ ಇಳಿಯುವುದನ್ನು ನೋಡುತ್ತಿದ್ದೆ. ಹೆಡಿಗೆಯಿಂದ ಮಣ್ಣು ಬೀಳುವಾಗ ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ: ಮಣಿಕಟ್ಟಿನ ಎಂಟು ಎಲುಬು, ಇನ್ನೂ ಕಲಿತಿಲ್ಲ. ಪಾದ, ಅದೂ ಕಲಿತಿಲ್ಲ. ಆದರೂ ಅಜ್ಜಿ ಕೈ ಮುಗಿದಾಗ ನಾನೂ ಮುಗಿದೆ. ಆ ಹೆಂಗಸಿಗೆ ನಾವು ಯಾರೂ ಏನೂ ಆಗಬೇಕಿರಲಿಲ್ಲ.

ಈಗ ಗೆಳೆಯನಿಗೆ ಹೇಳಬೇಕಿತ್ತು. ಶಿರಾದಲ್ಲಿ ನಮ್ಮ ಸೋದರತ್ತೆಯ ಮನೆಯಿತ್ತು. ಅಲ್ಲಿ ಉಳಿಯುವ ನೆಪ ಮಾಡಿಕೊಂಡು ಸೈಕಲ್ ಹತ್ತಿದೆ. ಗೆಳೆಯ ಬಾಗಿಲಲ್ಲೇ ಸಿಕ್ಕಿದ. ನನ್ನ ಕೈ ನೋಡಿದ, ಸೈಕಲ್ಲಿನ ಕ್ಯಾರಿಯರ್ ನೋಡಿದ.

"ಬ್ಯಾಗೆಲ್ಲೋ?"

"ಹೂತ್ಬುಟ್ರು ಕಣೋ."

"ಯಾರನ್ನ?"

"ಅವಳನ್ನ."

"ಯಾರಯ್ಯಾ ಅವಳು?"

"ನಮ್ ಸೆಟ್ಟು. ಹೆಂಗಸು ಅಂತ ನಾನೇ ಹೇಳ್ಬುಟ್ಟೆ."

"ನನ್ನ ಪಾಲೂನಾ?"

"ಪೂರಾ. ವಿಭೂತಿ ಇಟ್ಟು, ಕಣ ಹೊದ್ಸಿ."

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಬೈಗುಳಕ್ಕೆ ಕಾದೆ. ಅವನ ಹೆಗಲು ಅಲುಗತೊಡಗಿತು. ನಗು. ಬಿಕ್ಕಳಿಕೆ ಬರುವಷ್ಟು ನಗು. ಒಳಗಿನಿಂದ ಅವನ ಅಮ್ಮಿ ಬಂದು ಉರ್ದುವಿನಲ್ಲಿ ಏನೆಂದು ಕೇಳಿದರು. ಅವನು ಬಿಕ್ಕಳಿಸುತ್ತಲೇ ವರದಿ ಮಾಡಿದ. ಅಮ್ಮಿ ನಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಬಹುತ್ ಅಚ್ಛಾ ಕಿಯಾ ದಾದಿ ನೆ" ಎಂದು ಅಜ್ಜಿಯ ಕೆಲಸವನ್ನು ಮೆಚ್ಚಿ ನನಗೆ ಹೇಳಿ, ಅವನ ತಲೆಗೊಂದು ಮೊಟಕಿದರು. ಆಮೇಲೆ ಅವನೂ ಗಂಭೀರನಾದ. "ಅರ್ಧ ನಂದು ತಾನೇ" ಎಂದು ಅಂಗೈ ಮೇಲೆ ಮಾಡಿ, ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಫಾತಿಹಾ ಓದಿದ. ಅಲ್ಲಿಗೆ ಎರಡೂ ಪಾಲು ಸಂದಾಯವಾದವು.

ಓದುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಅವನ ಮಾಮು, ಅಂದರೆ ಅಮ್ಮಿಯ ತಮ್ಮ, ಪೇಟೆಯಲ್ಲಿ ಕುರಿ ಮಾಂಸದ ಅಂಗಡಿ ಇಟ್ಟಿದ್ದರು. ಬೆಳಗ್ಗೆ ಅಂಗಡಿ, ಸಂಜೆ ಗರಡಿ. ಕುಸ್ತಿಯಲ್ಲಿ ಅವರನ್ನು ಕೆಡವಿದವರು ಶಿರಾದಲ್ಲಿಲ್ಲ ಎಂದು ಅವರೇ ಹೇಳುತ್ತಿದ್ದರು. ನಮ್ಮ ಕಷ್ಟ ಕೇಳಿ ಮೀಸೆ ತಿರುವಿದರು.

"ಎಲುಬಾ? ಎಷ್ಟು ಬೇಕು? ತಾವರೆಕೆರೆ ಕಡೆ ಕುರಿ, ಒಳ್ಳೆ ಎಲುಬು. ಲೇಕಿನ್ ಒಂದ್ ಹೇಳಿ. ನೀವು ಮನುಷ್ಯರ ಡಾಕ್ಟ್ರು ಆಗ್ತೀರಾ, ಕುರಿ ಡಾಕ್ಟ್ರು ಆಗ್ತೀರಾ?"

"ಸದ್ಯಕ್ಕೆ ಎರಡರಲ್ಲೂ ಫೇಲು ಮಾಮು" ಎಂದ ಗೆಳೆಯ.

ಒಂದಿಡೀ ಕುರಿಯ ಎಲುಬು ಬಂತು. ಸೋಡಾಪುಡಿ ಹಾಕಿ ಕುದಿಸಿ, ಉಜ್ಜಿ, ಗೆಳೆಯನ ಮನೆಯ ಮಾಳಿಗೆಯ ಮೇಲೆ ಒಣಗಿಸಿದೆವು. ಊರಿನ ಕಾಗೆಗಳೆಲ್ಲ ನಮ್ಮ ಸಹಪಾಠಿಗಳಾದವು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನಾನು ಎಡಗೈಯಲ್ಲಿ ಕುರಿಯ ತೊಡೆಯೆಲುಬು, ಬಲಗೈಯಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದೆ. ಅಮ್ಮಿ ಏಣಿಯ ಮೇಲಿಂದ ಇಣುಕಿ ಕೇಳಿದರು:

"ಕುರಿ ಕಾಲು ಕೈಯಲ್ಲಿ ಹಿಡ್ಕೊಂಡು ಕೂತೀಯ, ನಮ್ಮನೆ ನೀರು ಕುಡಿಯಲ್ಲ. ಇದು ಯಾವೂರಿನ ಮಡಿ ಬೇಟಾ?"

ಆ ಕ್ಷಣವೇ ಲೋಟ ಎತ್ತಿ ಗಟಗಟ ಕುಡಿದೆನೆಂದು ಬರೆಯಲು ಬಹಳ ಆಸೆ. ಕುಡಿಯಲಿಲ್ಲ. ನಾಚಿಕೊಂಡು ಪುಸ್ತಕದೊಳಗೆ ಮುಖ ಹುದುಗಿಸಿದೆ. ಅವರ ಮನೆಯಲ್ಲಿದ್ದಷ್ಟು ಹೊತ್ತು ಇನ್ನೂ ಕೆಲವು ದಿನ ಎಳನೀರು, ಬಾಳೆಹಣ್ಣಿನಲ್ಲೇ ಕಳೆಯಿತು. ಯಾವತ್ತು ಕುಡಿದೆನೋ ತಿಳಿಯದು. ಒಂದು ಮಧ್ಯಾಹ್ನ ನಾನು ಅವರ ಅಡುಗೆಮನೆಯ ಬಾಗಿಲಲ್ಲಿ ಕೂತು ಶಾವಿಗೆ ಪಾಯಸ ಎರಡನೇ ಸಲ ಕೇಳುತ್ತಿದ್ದೇನೆ. ನೆನಪು ನೇರವಾಗಿ ಅಲ್ಲಿಗೆ ಹಾರುತ್ತದೆ. ನಡುವೆ ಏನು ನಡೆಯಿತೋ ಅದಕ್ಕೆ ದಾಖಲೆಯಿಲ್ಲ.

ಸಂತೋಷ ಬಂದದ್ದು ಆ ಮಾಳಿಗೆಯ ಮೇಲೆ. ವರ್ಷವಿಡೀ ಬಾಯಿಪಾಠದ ಕಾಟವಾಗಿದ್ದ ಅಂಗರಚನೆ ಅಲ್ಲಿ ಜಗಳದ ವಸ್ತುವಾಯಿತು. ಕುರಿಯ ಮುಂಗಾಲಿನ ನಡುವೆ ಮಡಿಚುವ ಕೀಲನ್ನು ಎಲ್ಲರೂ ಮಂಡಿ ಎನ್ನುತ್ತಾರೆ. ಎಲುಬುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಮಂಡಿಯಲ್ಲ, ಮಣಿಕಟ್ಟು! ಮಣಿಕಟ್ಟಿನ ಸಣ್ಣ ಕಲ್ಲುಗಳಂಥ ಎಲುಬುಗಳು ಅಲ್ಲೇ ಇವೆ. ಅದರ ಕೆಳಗಿನದೆಲ್ಲ ಅಂಗೈ ಮತ್ತು ಬೆರಳು. ಅಂದರೆ ಕುರಿ ಹುಟ್ಟಿದಂದಿನಿಂದ ಸಾಯುವ ತನಕ ಬೆರಳ ತುದಿಯ ಮೇಲೆ ನಿಂತಿರುತ್ತದೆ. ಇದು ಹೊಳೆದಾಗ ನಾವಿಬ್ಬರೂ ಎದ್ದು ಮಾಳಿಗೆಯ ಮೇಲೆ ಬೆರಳ ತುದಿಯಲ್ಲಿ ನಡೆದೆವು. ಕೆಳಗೆ ಮಣ್ಣು ಉದುರಿತೆಂದು ಅಮ್ಮಿ ಬೈದರು.

ತೊಂದರೆ ಶುರುವಾದದ್ದು ಹೆಗಲಿನ ಹತ್ತಿರ. ಪುಸ್ತಕದಲ್ಲಿ ಕತ್ತಿನ ಬುಡದಿಂದ ಹೆಗಲಿಗೆ ಅಡ್ಡವಾಗಿ ಹೋಗುವ ಒಂದು ಡೊಂಕು ಎಲುಬಿದೆ. ಕ್ಲಾವಿಕಲ್. ಮೊದಲ ಪರೀಕ್ಷೆಯಲ್ಲಿ ಗೆಳೆಯ ಮುಗ್ಗರಿಸಿದ್ದೂ ಅಲ್ಲೇ. ಎಲುಬುಗಳನ್ನು ಹರಡಿದ್ದ ನಮ್ಮ ಗೋಣಿತಾಟಿನ ಮೇಲೆ ಅದು ಇರಲಿಲ್ಲ.

"ನೀನೇ ಕಳೆದಿದ್ದೀಯ" ಎಂದೆ.

"ಉಜ್ಜಿದವನು ನೀನು. ನನ್ನ ಕೈಗೆ ಕೊಟ್ಟಾಗ್ಲೇ ಇರಲಿಲ್ಲ."

"ನಮ್ಮಜ್ಜಿ ಇಲ್ಲಿಗೂ ಬಂದ್ಲಾ ಹಂಗಾದ್ರೆ?"

ಅನುಮಾನ ಓಣಿಯ ಕೆಂಚ ನಾಯಿಯ ಮೇಲೆ ಹೋಯಿತು. ಅದನ್ನು ಮಸೀದಿಯ ಗೋಡೆಯವರೆಗೆ ಅಟ್ಟಿಕೊಂಡು ಹೋದೆವು. ಅದು ಎರಡು ಗುಂಡಿ ತೋಡಿಟ್ಟಿತ್ತು. ನಾವು ಎರಡನ್ನೂ ಅಗೆದೆವು. ಚಪ್ಪಲಿಯೊಂದು ಸಿಕ್ಕಿತು. ಮಾಮು ಇನ್ನೊಂದು ಕುರಿಯ ಮುಂಭಾಗ ಕೊಟ್ಟರು. ಈ ಸಲ ಕಾಗೆ ನಾಯಿ ಯಾವುದೂ ಹತ್ತಿರ ಸುಳಿಯದ ಹಾಗೆ ಕಾದು ಕೂತೆವು. ಎಲ್ಲ ಎಲುಬೂ ಬಂತು, ಅದೊಂದು ಬಿಟ್ಟು.

"ಏನ್ ಮಾಮು, ಅಲ್ಲೇ ತೆಗೆದು ಇಟ್ಕೊಂಡ್ಬುಟ್ರಾ?" ಎಂದ ಗೆಳೆಯ.

"ಅರೇ, ಎಲುಬು ಕದ್ದು ನಾನೇನ್ ಮಾಡ್ಲಿ? ಗಿರಾಕಿಗೆ ಎಲುಬು ಜಾಸ್ತಿ ಹಾಕಿ ಬೈಸ್ಕೊಳ್ಳೋ ಮನುಷ್ಯ ನಾನು" ಎಂದು ಮಾಮು ಮಾಳಿಗೆಯ ಮೇಲೆ ಬಂದವರು, ಬೆಳಗಿನ ದಣಿವಿಗೆ ಎರಡೂ ಕೈ ಅಗಲಿಸಿ ಹಾ ಎಂದು ಮೈಮುರಿದರು. ಅಂಗಿ ಇರಲಿಲ್ಲ. ಕತ್ತಿನ ಬುಡದಲ್ಲಿ ಎರಡು ಎಲುಬು ನೊಗದ ಹಾಗೆ ಎದ್ದು ತಿರುಗಿ ಮತ್ತೆ ಕೂತವು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಮಾಮು, ಕುರಿ ಯಾವತ್ತಾದ್ರೂ ಹಿಂಗೆ ಮೈಮುರಿಯೋದು ನೋಡಿದ್ದೀರಾ?" ಎಂದು ಕೇಳಿದೆ.

"ಅದ್ಯಾಕೆ ಮೈಮುರೀತದೆ? ಅದೇನ್ ಅಂಗಡಿ ಬಾಗ್ಲು ತೆಗೀಬೇಕಾ?"

ಕುರಿಗೆ ಆ ಎಲುಬೇ ಇಲ್ಲ. ಕಾಲನ್ನು ಮುಂದಕ್ಕೆ ಹಿಂದಕ್ಕೆ ಬೀಸುವ ಪ್ರಾಣಿಗೆ ಅದು ಬೇಕಿಲ್ಲ. ಕೈಯನ್ನು ಪಕ್ಕಕ್ಕೆ ಎತ್ತಿ ಅಗಲಿಸುವವನಿಗೆ ಬೇಕು. ಶಿರಾದ ಕುರಿಗಳೆಲ್ಲ ಸೇರಿ ನಮಗೆ ಮೋಸ ಮಾಡಿರಲಿಲ್ಲ.

ಈ ಜಾಗದಲ್ಲಿ ಗೆಳೆಯನದು ಬೇರೆ ಕಥೆ. ಮೈಮುರಿದದ್ದು ನೋಡಿ ಅಲ್ಲ, ಯಾವುದೋ ಹಬ್ಬದ ದಿನ ಮಾಮು ತನ್ನನ್ನು ಅಪ್ಪಿಕೊಂಡಾಗ ಹೊಳೆಯಿತು ಎಂದು ಅವನು ಹೇಳುತ್ತಿದ್ದ. ಮನುಷ್ಯ ಅಪ್ಪಿಕೊಳ್ಳಲೆಂದೇ ಇರುವ ಎಲುಬು ಅದು ಎಂದು ಸೇರಿಸುತ್ತಿದ್ದ. ಕೇಳಿದವರೆಲ್ಲ ತಲೆದೂಗುತ್ತಿದ್ದರು. ನಾನೂ ಕೆಲವು ಕಡೆ ಹಾಗೇ ಹೇಳಿ ಮೆಚ್ಚುಗೆ ಪಡೆದಿದ್ದೇನೆ. ಆ ರಜೆಯಲ್ಲಿ ಹಬ್ಬ ಬಂದಿತ್ತೇ ಎಂದು ಈಗ ಕೇಳಿದರೆ ಉತ್ತರವಿಲ್ಲ. ಮೈಮುರಿತ ಅಷ್ಟು ಚೆಂದದ್ದಲ್ಲ, ಆದ್ದರಿಂದ ಅದೇ ನಿಜವಿರಬೇಕು.

ಇಲ್ಲದ ಎಲುಬನ್ನು ಇದ್ದವರ ಮೈಮೇಲೆ ಓದಬೇಕಾಯಿತು. ಗೆಳೆಯನೂ ನಾನೂ ಹಾಸ್ಟೆಲ್ ಅನ್ನದಲ್ಲಿ ಬೆಳೆದ ಕಡ್ಡಿಗಳು. ನಮ್ಮಲ್ಲಿ ಎಲುಬು ಕಾಣುತ್ತಿತ್ತು, ಅದಕ್ಕೆ ಹತ್ತಿಕೊಂಡ ಮಾಂಸಖಂಡ ಕಾಣುತ್ತಿರಲಿಲ್ಲ. ಮಾಮುವಿನ ಮೈ ಪುಸ್ತಕದ ಚಿತ್ರಕ್ಕಿಂತ ಸ್ಪಷ್ಟ. ಕೂರಿಸಿದೆವು. ಗೆಳೆಯ ಎರಡು ಬೆರಳಿನಿಂದ ಕತ್ತಿನ ಬುಡ ಹಿಡಿದು ಹೆಗಲ ಕಡೆ ಸರಿದ.

"ಹೀ! ಏಯ್! ಅಲ್ಲಿ ಬೇಡ!"

"ಏನಾಯ್ತು ಮಾಮು?"

"ಕಚಗುಳಿ ಕಣೋ, ಕಚಗುಳಿ! ಹೋ ಹೋ! ಬಿಡೋ ಹರಾಮ್‌ಖೋರ್!"

ಗರಡಿಯಲ್ಲಿ ಯಾರೂ ಕೆಡವಲಾರದ ಮನುಷ್ಯ ಎರಡು ಬೆರಳಿಗೆ ಬಿದ್ದು ಮಾಳಿಗೆಯ ತುಂಬ ಉರುಳಾಡಿದ. ಅಮ್ಮಿ ಓಡಿಬಂದರು. ತಮ್ಮನ ಸ್ಥಿತಿ ನೋಡಿ ತಾವೂ ಒಂದು ಸಲ ಆ ಜಾಗ ಮುಟ್ಟಿ ಓಡಿದರು. ಗರಡಿಯವರಿಗೆ ಈ ಗುಟ್ಟು ಹೇಳುವುದಿಲ್ಲವೆಂದು ನಮ್ಮಿಂದ ಆಣೆ ಮಾಡಿಸಿಕೊಂಡ ಮೇಲೆ ಮಾಮು ಮತ್ತೆ ಕೂತರು, ಹಲ್ಲು ಕಚ್ಚಿಕೊಂಡು. ಇದ್ದಿಲಿನಿಂದ ಅವರ ಮೈಮೇಲೆ ಎಲುಬಿನ ಗೆರೆಗಳನ್ನು ಬರೆದೆವು. ಕ್ಲಾವಿಕಲ್ಲಿನ ಡೊಂಕು, ಹೆಗಲಿನ ರೆಕ್ಕೆಯಂಥ ಎಲುಬು, ಪಕ್ಕೆಲುಬುಗಳು ಒಂದರ ಕೆಳಗೊಂದು. ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕೂಗಿದರು. ಮಾಮು ಹಾಗೇ ಎದ್ದು ಹೋಗಿಬಿಟ್ಟರು.

ನಾವು ನೆನಪಾಗಿ ಓಡಿಹೋಗುವ ಹೊತ್ತಿಗೆ ಅಂಗಡಿಯ ಮುಂದೆ ಗುಂಪು ಸೇರಿತ್ತು. ಮಾಮು ಬರಿಮೈಯಲ್ಲಿ, ಎದೆಯ ತುಂಬ ಎಲುಬು ಬರೆಸಿಕೊಂಡು, ಏನೂ ತಿಳಿಯದೆ ಮಾಂಸ ಕಡಿಯುತ್ತಿದ್ದರು.

"ಏನ್ ಭಾಯ್, ಯಾವ ತುಂಡು ಎಲ್ಲೈತೆ ಅಂತ ಬರ್ಸ್ಕೊಂಡಿದ್ದೀಯಾ?" ಎಂದ ಒಬ್ಬ ಗಿರಾಕಿ. "ಹಂಗಾದ್ರೆ ನಂಗೆ ಎಡಗಡೆ ಪಕ್ಕೆಲುಬು, ಮೇಲಿಂದ ಎರಡ್ನೇದು."

ಮಾಮು ತಲೆ ಬಗ್ಗಿಸಿ ಎದೆ ನೋಡಿಕೊಂಡರು. ಕತ್ತಿಯನ್ನು ಕೆಳಗಿಟ್ಟು ನಮ್ಮ ಕಡೆ ನೋಡಿದರು. ನಾವು ಆ ಸಂಜೆಯವರೆಗೆ ಮನೆಯ ಕಡೆ ಸುಳಿಯಲಿಲ್ಲ.

ಆದರೂ ಮಾರನೆಯ ದಿನ ಅವರೇ ಬಂದು ಕೂತರು. "ನೀವು ಪಾಸಾಗ್ಬೇಕು ಅಷ್ಟೇ. ಇಲ್ಲಾಂದ್ರೆ ಪೇಟೆ ಎಲ್ಲಾ ನಕ್ಕಿದ್ದು ವೇಸ್ಟು." ಹೀಗೆ ನಮ್ಮ ಪಾಸಿನಲ್ಲಿ ಈಗ ಮಾಮುವಿನ ಮರ್ಯಾದೆಯೂ ಸೇರಿಕೊಂಡಿತು.

ಮರುಪರೀಕ್ಷೆಗೆ ಹೋದೆವು. ಮೇಜಿನ ಮೇಲೆ ಎಲುಬುಗಳ ರಾಶಿ. ಪರೀಕ್ಷಕರು ದೊಡ್ಡ ಕನ್ನಡಕದ ಮನುಷ್ಯರು. ಒಂದನ್ನು ಎತ್ತಿ ಕೈಗೆ ಕೊಟ್ಟ ಕೂಡಲೆ ಬಾಯಿಂದ ಬಂದ ಉತ್ತರ:

"ಮನುಷ್ಯನದು ಸರ್."

ಇಂಗ್ಲಿಷಿನಲ್ಲಿ ಹೇಳಿದ್ದು, ಆದರೆ ಅರ್ಥ ಇಷ್ಟೇ. ವಾರಗಟ್ಟಲೆ ಕುರಿ ಹಿಡಿದ ಕೈಗೆ ಮೊದಲು ತಿಳಿದದ್ದು ಅದೇ. ಕೋಣೆಯಲ್ಲಿದ್ದ ಇನ್ನೊಬ್ಬ ಪರೀಕ್ಷಕರು ಕೆಮ್ಮಿದರು.

"ಹಾಗೆಂದು ನಾವೂ ನಂಬಿದ್ದೇವೆ" ಎಂದರು ಕನ್ನಡಕದವರು. "ಬೇರೆ ಯಾರದಿರಬಹುದಿತ್ತು?"

"ಕುರಿಯದು ಸರ್."

"ಕುರಿಯದಾಗಿದ್ದರೆ ಹೇಗಿರುತ್ತಿತ್ತು?"

ಆಮೇಲೆ ತಡೆಯುವವರಿರಲಿಲ್ಲ. ಕೈಯಲ್ಲಿದ್ದದ್ದು ಮುಂಗೈಯ ಎಲುಬು. ಮನುಷ್ಯನಲ್ಲಿ ಎರಡು ಬಿಡಿ ಬಿಡಿ, ಒಂದರ ಸುತ್ತ ಒಂದು ತಿರುಗುತ್ತವೆ; ಕುರಿಯಲ್ಲಿ ಎರಡೂ ಬೆಸೆದುಕೊಂಡಿವೆ, ಕುರಿ ಅಂಗೈಯನ್ನು ಮೇಲೆ ಮಾಡಲಾರದು. ಎಲ್ಲಿ ಯಾವ ಮಾಂಸಖಂಡ, ಯಾವ ನರ, ಎಲ್ಲವೂ ಮಾಳಿಗೆಯ ಜಗಳದ ಓಟದಲ್ಲಿ ಬಂದವು. ಸಾಕು ಎಂದರೂ ನಿಲ್ಲಲಿಲ್ಲ. ಕೊನೆಗೆ ಅವರೇ ಎಲುಬನ್ನು ಕೈಯಿಂದ ಕಿತ್ತುಕೊಂಡರು.

ಇಲ್ಲೊಂದು ಕಷ್ಟವಿದೆ. "ಮನುಷ್ಯನದು ಸರ್" ಎಂದದ್ದು ತಾನು ಎಂದು ಗೆಳೆಯ ಜೀವನವಿಡೀ ಸಾಧಿಸಿದ. ನಾನೇ ಎಂದು ನಾನು. ಇಬ್ಬರನ್ನೂ ಒಳಗೆ ಕರೆದದ್ದು ಒಬ್ಬರಾದ ಮೇಲೊಬ್ಬರನ್ನು. ಈಚೆ ಬಂದು ಒಬ್ಬರಿಗೊಬ್ಬರು ಎಷ್ಟು ಸಲ ಅಭಿನಯಿಸಿ ತೋರಿಸಿದೆವೆಂದರೆ ಯಾರ ಬಾಯಿ ಯಾವುದೆಂದು ಬೆರೆತುಹೋಯಿತು. ಇಬ್ಬರೂ ಪಾಸಾದೆವು ಎಂಬುದಕ್ಕೆ ಮಾತ್ರ ನೋಟೀಸು ಹಲಗೆ ಸಾಕ್ಷಿ.

ತರಗತಿ ಶುರುವಾಗಲು ಇನ್ನೂ ಕೆಲವು ದಿನವಿತ್ತು. ಊರಿಗೆ ಹೊರಟೆ. ಚನ್ನರಾಯನದುರ್ಗದ ಬೆಟ್ಟ ಕಾಣುವಾಗ ಬಸ್ಸು ಮತ್ತೆ ನಿಂತಿತು. ನಾನು ಎಲ್ಲರಿಗಿಂತ ಮೊದಲು ಇಳಿದು ತಳ್ಳಿದೆ. "ಯಾರಪ್ಪ ಇವನು, ಮದುವೆಗೆ ಹೊಂಟವ್ನಾ?" ಎಂದರು ಯಾರೋ. ಇಳಿದವನೇ ನೇರವಾಗಿ ಮಂಡಿಗೆ ಹೋದೆ.

ಅಪ್ಪ ಸುದ್ದಿ ಕೇಳಿದರು. "ಒಳ್ಳೇದಾತು" ಎಂದರು. ಅವರ ಕಣ್ಣು ತಮ್ಮ ಗಾದಿಯ ಪಕ್ಕಕ್ಕೆ ಹೋಯಿತು. ಅಲ್ಲೊಂದು ಹೊಸ ಗಾದಿ. ಕೆಂಪು ಪಟ್ಟೆಯ ಬಟ್ಟೆ, ಹತ್ತಿ ಉಬ್ಬಿ ಹೊಲಿಗೆ ಬಿಗಿಯಾಗಿದೆ.

"ಇದ್ಯಾರಿಗಪ್ಪ?"

"ನಿಂಗೇ." ತಕ್ಕಡಿಯ ಹಗ್ಗಕ್ಕೆ ಕೈ ಹಾಕಿ, "ಹೊಲ್ಸ್ಬುಟ್ಟಿದ್ದೆ" ಎಂದರು.

ನಾನು ನಪಾಸಾಗುತ್ತೇನೆಂದು ನಂಬಿದ್ದರೋ, ಆಗಲೆಂದು ಆಸೆಪಟ್ಟಿದ್ದರೋ, ಆದರೆ ನೆಲದ ಮೇಲೆ ಕೂರುವುದು ಬೇಡವೆಂದು ಮುಂಜಾಗ್ರತೆಯೋ, ಮೂರೂ ಇರಬಹುದು. ಕೇಳಲಿಲ್ಲ. ಅಪ್ಪ ಬೇಜಾರಾಗಿದ್ದರು, ಖುಷಿಯಾಗಿಯೂ ಇದ್ದರು. ಎರಡನ್ನೂ ಒಂದೇ ಮುಖದಲ್ಲಿಟ್ಟುಕೊಳ್ಳಲು ಅವರಿಗೆ ಬರುತ್ತಿರಲಿಲ್ಲ.

"ರಜೆ ಮುಗಿಯೋವರ್ಗೂ ಕೂತ್ಕೋತೀನಪ್ಪ" ಎಂದೆ. "ಪಾಸಾದೋರು ಕೂರಬಾರ್ದು ಅಂತಿಲ್ವಲ್ಲ."

"ಕೂತ್ಕೊ ಕೂತ್ಕೊ" ಎಂದು ಅಪ್ಪ ಗಾದಿಯನ್ನು ತಟ್ಟಿ ಸರಿಮಾಡಿದರು.

ಕೂತೆ. ಗಾದಿ ಬಹಳ ಚೆನ್ನಾಗಿತ್ತು. ಮೊದಲು ಬಂದವನು ಕೊಳಾಲದ ಕಡೆಯ ರೈತ. ನನ್ನನ್ನು ನೋಡಿ, ಗಾದಿ ನೋಡಿ, ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದ. "ಬುಡು ಗೌಡಾ. ಎಲ್ರಿಗೂ ಹತ್ತೋ ವಿದ್ಯೆ ಅಲ್ಲ ಅದು."

"ಪಾಸಾಗವ್ನೆ ಕಣಯ್ಯಾ!" ಎಂದರು ಅಪ್ಪ.

"ಹೂಂ ಹೂಂ" ಎಂದ ಅವನು, ತಂದೆಯ ಸಂಕಟ ಅರ್ಥವಾದವನ ಹಾಗೆ.

ಆಮೇಲೆ ಬಂದ ಮುದುಕಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. "ಮನ್ಸಿಗೆ ಹಚ್ಕೋಬ್ಯಾಡ ಮಗಾ. ನನ್ ಮಗಾನೂ ಮೂರ್ನೇ ಕ್ಲಾಸ್‌ಗೇ ಬುಟ್ಟ. ಈಗ ಎರಡು ಎತ್ತವೆ." ಅಪ್ಪ ಅವಳಿಗೂ ಹೇಳಿದರು, ಇನ್ನೂ ಸ್ವಲ್ಪ ಜೋರಾಗಿ. ಅವಳು ನನ್ನನ್ನು ನೋಡಿ ಕಣ್ಣು ಒರೆಸಿಕೊಂಡಳು.

ಮಧ್ಯಾಹ್ನ ಪಾವಗಡದ ಕಡೆಯಿಂದ ಗಾಡಿ ಬಂತು. ಗಾಡಿಯವನು ವರ್ಷವರ್ಷವೂ ಬರುವ ಪರಿಚಿತ. ತೆಲುಗು ಕನ್ನಡ ಎರಡನ್ನೂ ಒಂದೇ ಹಗ್ಗದಲ್ಲಿ ಹೊಸೆದು ಮಾತಾಡುವವನು. ನಾನು ಡಾಕ್ಟರ್ ಓದು ಬಿಟ್ಟು ಹುಣಸೆಹಣ್ಣಿಗೆ ಬಂದೆನೆಂದೇ ತಿಳಿದು, ಚೀಲ ಇಳಿಸದೆ ಹಾಗೇ ನಿಂತುಬಿಟ್ಟ.

"ಏಂ ಸಾಮಿ, ಡಾಕ್ಟರ್ ಚದುವು ವದಿಲೇಸಿನಾವಾ? ಪೋನೀಲೇ. ಚಿಂತಪಂಡು ಏನ್ ಪಾಪ ಮಾಡೈತೆ? ಎಲ್ರೂ ತಿಂತಾರೆ. ಮಾತ್ರೆ ಯಾರ್ ತಿಂತಾರೆ?"

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ತಕ್ಕಡಿ ಬಿಟ್ಟು ಎದ್ದು ನಿಂತರು. ಬೀದಿಯ ಆಚೆ ತುದಿಗೂ ಕೇಳಿಸುವಂತೆ ಕೂಗಿದರು:

"ಪಾಸಾಗವ್ನೆ! ಪಾಸು! ಪಾಸು ಅಂದ್ರೆ ಪಾಸು ಕಣ್ರಯ್ಯಾ!"

ಎದುರು ಅಂಗಡಿಯವರು ಈಚೆ ಬಂದು ನೋಡಿದರು. ಗಾಡಿಯ ಎತ್ತು ಕಿವಿ ನಿಮಿರಿಸಿತು. ಅಪ್ಪ ನನ್ನ ಕಡೆ ತಿರುಗಿ ಗಾದಿಯ ಅಂಚು ಹಿಡಿದು ಎಳೆದರು.

"ಎದ್ದೇಳ್ಲಾ ಮೇಲೆ! ನಿನ್ ಇಲ್ಲಿ ಕೂರ್ಸ್ಕೊಂಡು ಊರ್ಗೆಲ್ಲಾ ಉತ್ರ ಹೇಳೋಕೆ ನನ್ ಕೈಲಾಗಲ್ಲ. ಹೋಗ್, ಮೈಸೂರಿಗೋಗು!"